‘ಐ’ ಯಾಕೆ ದೊಡ್ಡದು ಮಿಸ್? – ಆರನೇ ಕ್ಲಾಸಿನ ಇಂಗ್ಲಿಷ್ ನೋಟ್‌ಬುಕ್ ತಿದ್ದುವುದು ಹೇಗೆ?

ಕೇಳಿದವರು: ಆರನೇ ಕ್ಲಾಸ್ ಮಿಸ್, ಶಿರಾ ಕಡೆ

ಎಲ್ಲರಿಗೂ ನಮಸ್ಕಾರ. ನಾನು ಶಿರಾ ತಾಲ್ಲೂಕಿನ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಟೀಚರ್. ನಾನು ಓದಿದ್ದು ವಿಜ್ಞಾನ. ಈ ವರ್ಷ ಇಂಗ್ಲಿಷ್ ಪಾಠವೂ ನನ್ನ ಪಾಲಿಗೆ ಬಂದಿದೆ. ಆರನೇ ಕ್ಲಾಸಿನಲ್ಲಿ 27 ಮಕ್ಕಳು. ಎಲ್ಲರ ಮನೆಮಾತೂ ಕನ್ನಡ, ಇಲ್ಲವೇ ತೆಲುಗು.

ಹೋದ ವಾರ ‘ಮೈ ವಿಲೇಜ್’ ಅಂತ ಹತ್ತು ವಾಕ್ಯ ಬರೆಯೋಕೆ ಹೇಳಿದ್ದೆ. ಸಂಜೆ ಮನೆಗೆ ತಂದು ತಿದ್ದೋಕೆ ಕೂತೆ. ತಪ್ಪಿಗೊಂದು ಕೆಂಪು ಸುತ್ತು ಹಾಕುತ್ತಾ ಹೋದೆ. ವಾಕ್ಯ ಶುರುವಾಗೋದು ಸಣ್ಣಕ್ಷರದಲ್ಲಿ. ಆದರೆ ‘ಟೇಬಲ್’ ನಡುವೆ ದೊಡ್ಡ ಬಿ, ‘ಗಾರ್ಡನ್’ ನಡುವೆ ದೊಡ್ಡ ಡಿ. ಪೂರ್ಣವಿರಾಮ ಇಲ್ಲವೇ ಇಲ್ಲ. ‘ಸ್ಕೂಲ್’ಗೆ ಮೊದಲ ಅಕ್ಷರ ಐ ಹಾಕಿ ‘ಇಸ್ಕೂಲ್’ ಅಂತ ಬರೆದವರು ಆರು ಜನ. ‘ಮೈ ಗ್ರಾಂಡ್‌ಮದರ್ ಆರ್ ಓಲ್ಡ್’ ಅಂತ ಬರೆದವರು ಹದಿನೇಳು ಜನ. ‘ಐ’ ಅನ್ನುವುದನ್ನಂತೂ ಎಲ್ಲರೂ ಸಣ್ಣದಾಗಿಯೇ ಬರೆದಿದ್ದರು.

ಒಬ್ಬ ಹುಡುಗಿಯ ಪುಟದಲ್ಲಿ 41 ಸುತ್ತು ಬಿತ್ತು. ಹತ್ತು ಸಾಲಿಗೆ 41. ಮಾರನೇ ದಿನ ಪುಸ್ತಕ ವಾಪಸ್ ಕೊಟ್ಟೆ. ಅದರ ಮಾರನೇ ದಿನ ‘ಮನೇಲಿ ಮರೆತು ಬಂದೆ ಮಿಸ್’ ಅಂದಳು. ಪುಸ್ತಕ ಅವಳ ಬ್ಯಾಗಿನಲ್ಲೇ ಇತ್ತು. ಆ ಪುಟ ಮಾತ್ರ ಇರಲಿಲ್ಲ. ನೀಟಾಗಿ, ಹೊಲಿಗೆಯ ಹತ್ತಿರದಿಂದ ಹರಿದಿದ್ದಳು. ನಾನು ಬೈಯಲಿಲ್ಲ. ಬೈಯೋಕೆ ಬಾಯಿಯೇ ಬರಲಿಲ್ಲ.

ಇದೇ ಹುಡುಗಿ ಹಿಂದೊಮ್ಮೆ ಕ್ಲಾಸಿನಲ್ಲಿ ಕೇಳಿದ್ದಳು: ‘ಮಿಸ್, ಅವನು, ಅವಳು, ನೀನು ಎಲ್ಲಾ ಸಣ್ಣಕ್ಷರ. ನಾನು ಮಾತ್ರ ಯಾಕೆ ದೊಡ್ಡಕ್ಷರ? ನಮ್ಮನ್ನ ನಾವೇ ದೊಡ್ಡೋರು ಅನ್ಕೋಬಾರದು ಅಲ್ವಾ?’ ನನ್ನ ಹತ್ತಿರ ಉತ್ತರ ಇರಲಿಲ್ಲ. ‘ರೂಲ್ಸ್ ಹಾಗೇ ಇದೆ’ ಅಂದುಬಿಟ್ಟೆ.

ನಾನು ಕೇಳಬೇಕಾದದ್ದು ಇಷ್ಟು. ಇವನ್ನೆಲ್ಲ ಒಟ್ಟಿಗೇ ತಿದ್ದಬೇಕಾ? ಯಾವುದು ಮೊದಲು? ತಪ್ಪಿದ ಸ್ಪೆಲಿಂಗ್ ಹತ್ತತ್ತು ಸಲ ಬರೆಸುತ್ತಾ ಇದ್ದೇನೆ. ಒಂಬತ್ತು ಸಲ ಸರಿ ಬರೆದು ಹತ್ತನೇ ಸಲ ತಪ್ಪು ಬರೆಯುತ್ತಾರೆ. ದಯವಿಟ್ಟು ಅನುಭವ ಇರುವವರು ಹೇಳಿ.

ಉತ್ತರ: ನಿವೃತ್ತ ಮೇಷ್ಟ್ರು, ತಿಪಟೂರು

ಮೇಡಂ, ಮೊದಲಿಗೆ ಆ ಹುಡುಗಿಗೆ ಒಂದು ಹೊಸ ಹಾಳೆ ಕೊಡಿ. ಬಾಕಿಯದನ್ನು ಆಮೇಲೆ ನೋಡೋಣ.

ನಾನು 31 ವರ್ಷ ಇಂಗ್ಲಿಷ್ ಹೇಳಿಕೊಟ್ಟಿದ್ದೇನೆ. ಆಗೆಲ್ಲ ಸರ್ಕಾರಿ ಕನ್ನಡ ಶಾಲೆಗಳಲ್ಲಿ ಎಬಿಸಿಡಿ ಶುರುವಾಗುತ್ತಿದ್ದುದೇ ಐದನೇ ಕ್ಲಾಸಿಗೆ. 2007-08ರಿಂದ ಒಂದನೇ ಕ್ಲಾಸಿಗೇ ಬಂತು. ಎರಡೂ ಕಾಲದ ಮಕ್ಕಳನ್ನು ನೋಡಿದ್ದೇನೆ. ತಪ್ಪುಗಳು ಮಾತ್ರ ಅವೇ. ಮೊದಮೊದಲು ನಾನೂ ನಿಮ್ಮ ಹಾಗೇ ಕೆಂಪು ಇಂಕಿನಲ್ಲಿ ಪುಟ ತುಂಬಿಸುತ್ತಿದ್ದೆ. ಒಂದು ದಿನ ಬೇರೆ ಕೆಲಸ ಮಾಡಿದೆ. ತಪ್ಪು ವಾಕ್ಯಗಳನ್ನೆಲ್ಲ ಒಂದು ಹಾಳೆಗೆ ಇಳಿಸಿ, ಒಂದೊಂದರ ಪಕ್ಕದಲ್ಲೂ ಅದರ ಕನ್ನಡ ಬರೆದೆ. ಆಗ ಗೊತ್ತಾಯ್ತು. ಮುಕ್ಕಾಲು ಪಾಲು ತಪ್ಪುಗಳು ತಪ್ಪುಗಳೇ ಅಲ್ಲ. ಒಳ್ಳೆಯ ಕನ್ನಡ ಅವು. ಇಂಗ್ಲಿಷ್ ಬಟ್ಟೆ ಹಾಕಿಕೊಂಡು ಬಂದಿವೆ ಅಷ್ಟೇ.

‘ಗ್ರಾಂಡ್‌ಮದರ್ ಆರ್’ ಅನ್ನೋದನ್ನೇ ನೋಡಿ. ಆ ಹದಿನೇಳು ಮಕ್ಕಳೂ ಅಜ್ಜಿಗೆ ‘ಅವರು’ ಅನ್ನುವ ಮನೆಯವರು. ‘ಅಜ್ಜಿ ಬಂದಳು’ ಅನ್ನೋಕೆ ಅವರಿಗೆ ಮನಸ್ಸು ಬರುವುದಿಲ್ಲ. ‘ಬಂದರು’ ಅಂತಾರೆ. ಬಹುವಚನದಲ್ಲೇ ನಮ್ಮ ಮರ್ಯಾದೆ ಇರೋದು. ಅದಕ್ಕೇ ‘ಈಸ್’ ಬಿಟ್ಟು ‘ಆರ್’ ಹಾಕಿದ್ದಾರೆ. ಇದಕ್ಕೆ ಕೆಂಪು ಸುತ್ತು ಹಾಕಿದರೆ ಮಗುವಿಗೆ ಏನು ಅರ್ಥ ಆಗಬೇಕು? ಅಜ್ಜಿಗೆ ಮರ್ಯಾದೆ ಕೊಟ್ಟಿದ್ದು ತಪ್ಪು ಅಂತಾನಾ?

ನಾನು ಬೋರ್ಡಿನ ಮೇಲೆ ಹೀಗೆ ಹೇಳುತ್ತಿದ್ದೆ. ‘ಇಂಗ್ಲಿಷಿನವರೂ ಒಂದು ಕಾಲದಲ್ಲಿ ನಮ್ಮ ಹಾಗೇ ಮಾಡುತ್ತಿದ್ದರು. ಅವರಲ್ಲೂ ನೀನು ಅನ್ನೋಕೆ ಒಂದು ಮಾತು, ನೀವು ಅನ್ನೋಕೆ ಇನ್ನೊಂದು ಮಾತು ಇತ್ತು. ‘ದೌ’ ಅಂದರೆ ನೀನು. ‘ಯು’ ಅಂದರೆ ನೀವು. ದೊಡ್ಡವರಿಗೆ ಒಬ್ಬರೇ ಇದ್ದರೂ ‘ಯು’ ಅನ್ನುತ್ತಿದ್ದರು. ಬರಬರುತ್ತಾ ಎಲ್ಲರಿಗೂ ‘ಯು’ ಅನ್ನೋದೇ ರೂಢಿಯಾಯ್ತು, ‘ದೌ’ ಬಿದ್ದುಹೋಯ್ತು. ಅದಕ್ಕೇ ಇವತ್ತಿಗೂ ಒಬ್ಬನ ಜೊತೆ ಮಾತಾಡುವಾಗಲೂ ‘ಯು ಆರ್’, ‘ಯು ಈಸ್’ ಅಲ್ಲ. ಆದರೆ ‘ಅವರು’ ಅನ್ನೋ ಮಾತಿನ ವಿಷಯದಲ್ಲಿ ಇಂಗ್ಲಿಷಿನವರು ಹೀಗೆ ಮಾಡಲಿಲ್ಲ. ಅಜ್ಜಿ ಒಬ್ಬರೇ ಆದರೆ ‘ಈಸ್’. ಎಣಿಸಿ ನೋಡಿ. ಒಂದೇ ತಲೆ ಅಂದರೆ ‘ಈಸ್’.’ ಮಕ್ಕಳು ಬೆರಳು ಎತ್ತಿ ಎಣಿಸುತ್ತಿದ್ದರು. ಈಗಲೂ ಊರಲ್ಲಿ ಸಿಕ್ಕ ಹಳೇ ವಿದ್ಯಾರ್ಥಿಗಳು ಒಂದು ಬೆರಳು ಎತ್ತಿ ‘ಈಸ್ ಸಾರ್’ ಅಂತಾರೆ.

ಇನ್ನೂ ಕೆಲವು ಹೀಗೇ. ‘ರವಿ ಟೀಚರ್’ ಅಂತ ಬರೆದು ನಡುವಿನ ‘ಈಸ್’ ಬಿಡುತ್ತಾರೆ. ಕನ್ನಡದಲ್ಲಿ ‘ರವಿ ಮೇಷ್ಟ್ರು’ ಅಂದರೆ ಅಲ್ಲಿಗೆ ವಾಕ್ಯ ಮುಗಿಯಿತು, ಅಲ್ವಾ? ಇನ್, ಆನ್, ಆ್ಯಟ್ ಮೂರೂ ಗಲಿಬಿಲಿ. ನಮಗೆ ಮೂರಕ್ಕೂ ‘ಅಲ್ಲಿ’ ಒಂದೇ ಸಾಕು: ಡಬ್ಬಿಯಲ್ಲಿ, ಗೋಡೆಯಲ್ಲಿ, ಬಸ್‌ಸ್ಟಾಂಡಿನಲ್ಲಿ. ‘ಇಸ್ಕೂಲ್’ ಬಿಡಿ, ಅದು ಬಾಯಿಯ ಅಭ್ಯಾಸ. ‘ಸ್ಸ್ಸ್’ ಅಂತ ಹಾವಿನ ಹಾಗೆ ಶುರು ಮಾಡಿಸಿ, ಹೋಗುತ್ತದೆ.

ದೊಡ್ಡಕ್ಷರಕ್ಕೆ ನಿಮ್ಮ ಕನ್ನಡದ ಮೇಷ್ಟ್ರ ಸಹಾಯ ತಗೊಳ್ಳಿ. ‘ಹೆಸರುಗಳಿಗೆ ದೊಡ್ಡಕ್ಷರ’ ಅಂತ ಸುಮ್ನೆ ಹೇಳಿದರೆ ಮಕ್ಕಳು ಕೇಳುತ್ತಾರೆ, ಮಾವಿನಹಣ್ಣೂ ಹೆಸರೇ ಅಲ್ವಾ ಸಾರ್ ಅಂತ. ಕೇಳಲೇಬೇಕು. ಕನ್ನಡ ವ್ಯಾಕರಣದಲ್ಲಿ ರೂಢನಾಮ, ಅಂಕಿತನಾಮ ಇದೆಯಲ್ಲ, ಅಲ್ಲಿಗೆ ಬನ್ನಿ. ನದಿ ರೂಢನಾಮ, ಕಾವೇರಿ ಅಂಕಿತನಾಮ. ಊರು ರೂಢನಾಮ, ಶಿರಾ ಅಂಕಿತನಾಮ. ಅಂಕಿತನಾಮಕ್ಕೆ ದೊಡ್ಡಕ್ಷರ. ವಾರ, ತಿಂಗಳು ಕೂಡ ಆ ಗುಂಪಿಗೇ ಸೇರಿಸಿ. ನಾನು ಕ್ಲಾಸನ್ನು ಎರಡು ಸಾಲು ಮಾಡಿ, ಒಂದು ಸಾಲು ರೂಢನಾಮ ಹೇಳಿದರೆ ಇನ್ನೊಂದು ಸಾಲು ಅದಕ್ಕೆ ಅಂಕಿತನಾಮ ಹೇಳಬೇಕು ಅನ್ನುತ್ತಿದ್ದೆ. ‘ನಾಯಿ’ ಅಂದರೆ ‘ಟಾಮಿ’. ‘ಬೆಟ್ಟ’ ಅಂದರೆ ‘ಸಿದ್ದರಬೆಟ್ಟ’. ಅಂಕಿತನಾಮ ಹೇಳಿದವರು ಎದ್ದು ನಿಲ್ಲಬೇಕು. ನಿಂತಿದ್ದು ದೊಡ್ಡಕ್ಷರ, ಕೂತಿದ್ದು ಸಣ್ಣಕ್ಷರ.

ಇನ್ನು ನೀವು ಕೇಳಿದ ‘ಯಾವುದು ಮೊದಲು?’ ಒಂದು ವಾರಕ್ಕೆ ಒಂದೇ ತಪ್ಪು ಹಿಡಿಯಿರಿ. ಈ ವಾರ ವಾಕ್ಯದ ಮೊದಲು ದೊಡ್ಡಕ್ಷರ, ಕೊನೆಗೆ ಚುಕ್ಕಿ. ಅಷ್ಟೇ. ಬೇರೆ ಎಂಥ ತಪ್ಪು ಕಂಡರೂ ಪೆನ್ನು ಇಳಿಸಬೇಡಿ. ಕಷ್ಟ, ನನಗೆ ಗೊತ್ತು. ಕೈ ತುರಿಸುತ್ತದೆ. ಆದರೆ 41 ಸುತ್ತಿನಲ್ಲಿ ಮಗುವಿಗೆ ಯಾವುದೂ ಕಾಣುವುದಿಲ್ಲ. ಒಂದೇ ತರದ್ದು ನಾಲ್ಕು ಕಂಡರೆ ತಾನೇ ಹುಡುಕಿಕೊಳ್ಳುತ್ತದೆ. ಮೊದಲು ಇದನ್ನೇ ಹಿಡಿಯೋಕೆ ಕಾರಣವೂ ಇದೆ. ವಾಕ್ಯ ಎಲ್ಲಿ ಶುರು, ಎಲ್ಲಿ ಕೊನೆ ಅಂತ ತಿಳಿಯದ ಮಗುವಿಗೆ ‘ಈಸ್’ ಎಲ್ಲಿ ಹಾಕಬೇಕು ಅಂತ ಹೇಳಿ ಏನು ಪ್ರಯೋಜನ?

ಉತ್ತರ: ಮೊಳೆ ಜೋಡಿಸಿದವನು, ಚಿಕ್ಕಮಗಳೂರು

ನಾನು ಮೇಷ್ಟ್ರಲ್ಲ. ಹತ್ತೊಂಬತ್ತು ವರ್ಷ ಪ್ರೆಸ್ಸಿನಲ್ಲಿ ಕಂಪೋಸಿಂಗ್ ಮಾಡಿದವನು. ಕಂಪ್ಯೂಟರ್ ಬರೋಕೆ ಮುಂಚೆ, ಒಂದೊಂದು ಅಕ್ಷರಕ್ಕೆ ಒಂದೊಂದು ಸೀಸದ ಅಚ್ಚು, ಅಂದರೆ ಮೊಳೆ, ಎತ್ತಿ ಜೋಡಿಸುವ ಕಾಲ. ಕನ್ನಡ, ಇಂಗ್ಲಿಷ್ ಎರಡರ ಲಗ್ನಪತ್ರಿಕೆ, ರಸೀದಿ ಪುಸ್ತಕ, ಕರಪತ್ರ ಎಲ್ಲ ಮಾಡಿದ್ದೇನೆ. ಮೇಡಂ ಬರೆದ ಎರಡು ವಿಷಯಕ್ಕೆ ನನ್ನ ಹತ್ತಿರ ಉತ್ತರ ಇದೆ ಅನ್ನಿಸಿತು.

ಒಂದು, ಪದದ ನಡುವೆ ದೊಡ್ಡ ಬಿ, ದೊಡ್ಡ ಡಿ. ಆ ಮಕ್ಕಳು ದಡ್ಡರಲ್ಲ. ಸಣ್ಣ ಬಿ, ಡಿ, ಪಿ, ಕ್ಯೂ ನಾಲ್ಕಕ್ಕೂ ಇರುವುದು ಒಂದು ಕೋಲು, ಒಂದು ಹೊಟ್ಟೆ. ಮೊಳೆಯ ಮೇಲೆ ಅಕ್ಷರ ಕನ್ನಡಿಯಲ್ಲಿ ಕಂಡ ಹಾಗೆ ತಿರುಗಿರುತ್ತದೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾನು ಈ ನಾಲ್ಕನ್ನೂ ಅದಲುಬದಲು ಮಾಡಿ ಪ್ರೂಫಿನಲ್ಲಿ ಸಿಕ್ಕಿಬೀಳುತ್ತಿದ್ದೆ. ಆಗ ನನಗೆ ಹದಿನೆಂಟು ವರ್ಷ. ಹನ್ನೊಂದು ವರ್ಷದ ಮಗು ಏನು ಮಾಡೀತು? ಕನ್ನಡದಲ್ಲಿ ಅಕ್ಷರವನ್ನು ಎಡದಿಂದ ಬಲಕ್ಕೆ ತಿರುಗಿಸಿದರೆ ಇನ್ನೊಂದು ಅಕ್ಷರ ಆಗುವುದಿಲ್ಲ. ಇಂಗ್ಲಿಷಿನಲ್ಲಿ ಆಗುತ್ತದೆ. ದೊಡ್ಡ ಬಿ, ದೊಡ್ಡ ಡಿ ಹಾಕಿಬಿಟ್ಟರೆ ಆ ಗೊಂದಲ ಇಲ್ಲ. ಅದಕ್ಕೇ ಮಕ್ಕಳು ದೊಡ್ಡದನ್ನು ಹಾಕುತ್ತಾರೆ. ತಪ್ಪಾಗಬಾರದು ಅಂತಲೇ ಹಾಕುತ್ತಾರೆ.

ನಮ್ಮ ಮೊಳೆಗೆ ಒಂದು ಮಗ್ಗುಲಲ್ಲಿ ಸಣ್ಣ ಗೀರು ಇರುತ್ತಿತ್ತು. ಕಣ್ಣು ಮುಚ್ಚಿ ಮುಟ್ಟಿದರೂ ಯಾವುದು ಮೇಲು ಅಂತ ಗೊತ್ತಾಗುತ್ತಿತ್ತು. ಮಕ್ಕಳಿಗೂ ಮುಟ್ಟಿ ನೋಡುವ ಒಂದು ಗುರುತು ಬೇಕು. ನನ್ನ ಮಗಳಿಗೆ ನಾನು ಕಲಿಸಿದ್ದು ‘ಬೆಡ್’ ಪದ. ಎರಡೂ ಕೈ ಮುಷ್ಟಿ ಮಾಡಿ ಹೆಬ್ಬೆರಳು ಮೇಲಕ್ಕೆ ಎತ್ತಿ, ಮುಷ್ಟಿಗಳನ್ನು ಎದುರುಬದುರು ಜೋಡಿಸಬೇಕು. ಮಂಚ ಆಗುತ್ತದೆ. ಎಡಗೈ ಬಿ, ಬಲಗೈ ಡಿ, ನಡುವೆ ಇ ಮಲಗುತ್ತದೆ. ಪರೀಕ್ಷೆಯಲ್ಲೂ ಅವಳು ಬೆಂಚಿನ ಕೆಳಗೆ ಕೈ ಜೋಡಿಸಿ ನೋಡಿಕೊಳ್ಳುತ್ತಿದ್ದಳು.

ಎರಡು, ಆ ಹುಡುಗಿಯ ಪ್ರಶ್ನೆ. ‘ಐ’ ದೊಡ್ಡದಾಗಿದ್ದು ಜಂಬಕ್ಕಲ್ಲ ಅಂತ ಅವಳಿಗೆ ದಯವಿಟ್ಟು ಹೇಳಿ. ಕೈಯಲ್ಲಿ ಪುಸ್ತಕ ನಕಲು ಮಾಡುವ ಕಾಲದಲ್ಲಿ ಸಣ್ಣ ಐ ಒಂದೇ ಒಂದು ಪುಟ್ಟ ಗೀಟು. ಪಕ್ಕದಲ್ಲಿ ಬೇರೆ ಅಕ್ಷರದ ಆಸರೆ ಇಲ್ಲದೆ ಒಂಟಿಯಾಗಿ ನಿಂತರೆ ಓದುವವರ ಕಣ್ಣಿಗೆ ಬೀಳುತ್ತಿರಲಿಲ್ಲ. ಅದಕ್ಕೆ ನಕಲು ಮಾಡುವವರು ಅದನ್ನು ಉದ್ದ ಎಳೆದರು. ಹಾಗೇ ಉಳಿಯಿತು. ಒಂಟಿಯಾಗಿರುವ ಸಣ್ಣದು ಕಳೆದುಹೋಗಬಾರದು ಅಂತ ಮಾಡಿದ ವ್ಯವಸ್ಥೆ ಅದು. ನನಗೆ ಇದು ಚೆನ್ನಾಗಿ ಅರ್ಥವಾಗುತ್ತದೆ. ಮೊಳೆ ಇಡುವ ಕೇಸಿನಲ್ಲಿ ಅತಿ ತೆಳ್ಳಗಿನ ಮೊಳೆಗಳಲ್ಲಿ ಸಣ್ಣ ಐ ಒಂದು. ಬೆರಳಿನಿಂದ ಜಾರಿ ನೆಲಕ್ಕೆ ಬಿದ್ದರೆ ಹುಡುಕೋದೇ ಕಷ್ಟ.

‘ಅಪ್ಪರ್ ಕೇಸ್’, ‘ಲೋವರ್ ಕೇಸ್’ ಅನ್ನೋ ಮಾತು ಬಂದಿದ್ದೂ ನಮ್ಮ ಪ್ರೆಸ್ಸುಗಳಿಂದಲೇ. ಎರಡು ಮರದ ತಟ್ಟೆ. ಮೇಲಿನದರಲ್ಲಿ ದೊಡ್ಡಕ್ಷರ, ಕೈಗೆ ಹತ್ತಿರದ ಕೆಳಗಿನದರಲ್ಲಿ ಸಣ್ಣಕ್ಷರ. ಜಾಸ್ತಿ ಬೇಕಾಗೋದು ಸಣ್ಣದೇ, ಅದಕ್ಕೇ ಹತ್ತಿರ. ಮಕ್ಕಳಿಗೆ ಇದನ್ನೂ ಹೇಳಿ ಮೇಡಂ. ದೊಡ್ಡಕ್ಷರಕ್ಕೆ ಕೈ ಮೇಲಕ್ಕೆ ಚಾಚಬೇಕಿತ್ತು, ಸುಮ್ಮನೆ ಯಾರೂ ಚಾಚುತ್ತಿರಲಿಲ್ಲ.

ಉತ್ತರ: ಅರಿವು ಕೇಂದ್ರದ ಅಕ್ಕ

ನಾನು ಗ್ರಾಮ ಪಂಚಾಯ್ತಿ ಲೈಬ್ರರಿ ನೋಡಿಕೊಳ್ಳುತ್ತೇನೆ. ಒಂದೇ ಮಾತು ಸೇರಿಸುತ್ತೇನೆ. ಮಕ್ಕಳ ಸುತ್ತ ಇರುವ ಇಂಗ್ಲಿಷ್ ಪೂರ್ತಿ ದೊಡ್ಡಕ್ಷರದಲ್ಲೇ ಇದೆ. ಅಂಗಡಿ ಬೋರ್ಡು, ಗೊಬ್ಬರದ ಚೀಲ, ಟ್ರ್ಯಾಕ್ಟರ್ ಮೇಲಿನ ಬರಹ ಎಲ್ಲ ಹಾಗೇ. ಅರ್ಜಿ ತುಂಬಿಸೋಕೆ ಬರುವ ದೊಡ್ಡವರೂ ‘ದೊಡ್ಡಕ್ಷರದಲ್ಲಿ ಬರೀರಿ’ ಅಂತ ಅರ್ಜಿಯಲ್ಲಿ ಇರೋದನ್ನು ನೋಡಿ ನನ್ನನ್ನು ಕೇಳುತ್ತಾರೆ. ಸಣ್ಣಕ್ಷರದ ಇಂಗ್ಲಿಷ್ ಸಿಗೋದು ಪಾಠದ ಪುಸ್ತಕದಲ್ಲಿ ಮಾತ್ರ. ಅದಕ್ಕೆ ನಾನು ಚಿತ್ರದ ಕಥೆ ಪುಸ್ತಕಗಳನ್ನು ಮಕ್ಕಳ ಕೈಗೆ ಸಿಗುವ ಎತ್ತರಕ್ಕೆ ಇಟ್ಟಿದ್ದೇನೆ. ನಿಮ್ಮ ಊರಿನ ಲೈಬ್ರರಿಯಲ್ಲೂ ಕೇಳಿ ನೋಡಿ. ಪುಟಕ್ಕೆ ಒಂದೇ ಸಾಲು ಇರುವ ಪುಸ್ತಕ ಸಾಕು.

ಉತ್ತರ: ಹೈಸ್ಕೂಲ್ ಸರ್

ಹಿರಿಯರು ಹೇಳಿದ್ದಕ್ಕೆ ನನ್ನದು ಸ್ವಲ್ಪ ತಕರಾರು ಇದೆ. ವಾರಕ್ಕೆ ಒಂದೇ ತಪ್ಪು ಅಂತ ಹೋದರೆ ಮಕ್ಕಳು ನನ್ನ ಹತ್ತಿರ ಬರುವ ಹೊತ್ತಿಗೆ ಸ್ಪೆಲಿಂಗ್ ಬಂದಿರುವುದೇ ಇಲ್ಲ. ಎಸ್‌ಎಸ್‌ಎಲ್‌ಸಿಯಲ್ಲಿ ದ್ವಿತೀಯ ಭಾಷೆಗೆ 80 ಅಂಕದ ಬರವಣಿಗೆ ಪರೀಕ್ಷೆ. ಅಲ್ಲಿ ಕಾರಣ ಹೇಳೋಕೆ ಆಗುವುದಿಲ್ಲ. ದಿನಕ್ಕೆ ಐದು ಪದ ಬಾಯಿಪಾಠ, ಮಾರನೇ ದಿನ ಡಿಕ್ಟೇಶನ್. ನನಗೆ ಇದರಲ್ಲಿ ಫಲ ಸಿಕ್ಕಿದೆ. ಆದರೆ ಮೇಡಂ, ನೀವು ಹತ್ತತ್ತು ಸಲ ಬರೆಸೋದು ಮಾತ್ರ ಬೇಡ. ಅದು ಕೈಗೆ ಶಿಕ್ಷೆ, ತಲೆಗೆ ಏನೂ ಹೋಗುವುದಿಲ್ಲ.

ಮರುಉತ್ತರ: ನಿವೃತ್ತ ಮೇಷ್ಟ್ರು, ತಿಪಟೂರು

ಸರ್, ಡಿಕ್ಟೇಶನ್ ಬೇಕೇ ಬೇಕು, ನಾನು ಬೇಡ ಅಂದಿಲ್ಲ. ದಿನಕ್ಕೆ ಐದು ಪದವೂ ಸರಿ. ಆದರೆ ಆ ಐದು ಒಂದೇ ಕುಟುಂಬದವು ಇರಲಿ. ನೈಟ್, ಲೈಟ್, ರೈಟ್, ಫೈಟ್, ಟೈಟ್. ಐದಕ್ಕೂ ನಡುವೆ ಅದೇ ಐ-ಜಿ-ಎಚ್. ಐದು ಪದ ಕಲಿಯುವ ಕಷ್ಟ ಒಂದಕ್ಕೆ ಇಳಿಯುತ್ತದೆ.

ಸ್ಪೆಲಿಂಗ್‌ನಲ್ಲಿ ಕನ್ನಡದ ಮಕ್ಕಳಿಗೆ ಕಷ್ಟ ಆಗೋದು ಎಲ್ಲಿ ಅಂತ ಹೇಳುತ್ತೇನೆ. ನಮ್ಮ ‘ಕ’ ಅಕ್ಷರದ ಹೆಸರೂ ‘ಕ’, ಸದ್ದೂ ‘ಕ’. 49 ಅಕ್ಷರ ಕಲಿತರೆ ಬರೆದಿದ್ದನ್ನು ಓದಬಹುದು. ಅದೇ ನಂಬಿಕೆಯಲ್ಲಿ ಮಗು ‘ಸಿ-ಎ-ಟಿ’ ಓದುತ್ತದೆ. ‘ಸಿಎಟಿ’ ಅಂತ ಬರಬೇಕಲ್ಲ, ‘ಕ್ಯಾಟ್’ ಎಲ್ಲಿಂದ ಬಂತು? ಅಕ್ಷರದ ಹೆಸರು ಬೇರೆ, ಸದ್ದು ಬೇರೆ ಅಂತ ನಾವು ಎಷ್ಟು ಜನ ಬಾಯಿಬಿಟ್ಟು ಹೇಳಿದ್ದೇವೆ? 26 ಅಕ್ಷರದಲ್ಲಿ 44ರ ಹತ್ತಿರ ಸದ್ದು ತುಂಬಿಸಿದ್ದಾರೆ ಅಂತ ಹೇಳಿದರೆ ಮಗುವಿಗೆ ಸಮಾಧಾನ ಆಗುತ್ತದೆ. ದಡ್ಡತನ ತನ್ನದಲ್ಲ ಅಂತ ತಿಳಿಯುತ್ತದೆ.

‘ನೈಫ್’ಗೆ ಮೊದಲು ಕೆ ಯಾಕೆ ಅಂತ ಕೇಳುತ್ತಾರಲ್ಲ, ಹಿಂದೆ ಆ ಕೆ ಬಾಯಲ್ಲೂ ಇತ್ತು. 1476ರಲ್ಲಿ ಕ್ಯಾಕ್ಸ್‌ಟನ್ ಅನ್ನುವವನು ಇಂಗ್ಲೆಂಡಿಗೆ ಅಚ್ಚಿನ ಯಂತ್ರ ತಂದ. ಸ್ಪೆಲಿಂಗ್ ನಿಧಾನಕ್ಕೆ ಮೊಳೆಯಲ್ಲಿ ಗಟ್ಟಿಯಾಯ್ತು. ನಾಲಿಗೆ ಮಾತ್ರ ಮುಂದಕ್ಕೆ ಹೋಯ್ತು. ಹಳಗನ್ನಡದಲ್ಲಿ ‘ಏೞು’ ಅಂತ ಬರೆಯುತ್ತಿದ್ದೆವು. ಆ ಸದ್ದು ಬಾಯಿಂದ ಹೋದ ಮೇಲೆ ಅಕ್ಷರವನ್ನೂ ಬಿಟ್ಟೆವು, ಈಗ ‘ಏಳು’. ಅವರು ಬಿಡಲಿಲ್ಲ.

ಇನ್ನೊಂದು, ಜೋಡಿ ಅಕ್ಷರ. ಇದನ್ನು ನಾನು ಬಹಳ ತಡವಾಗಿ ಅರ್ಥ ಮಾಡಿಕೊಂಡೆ. ನಮ್ಮ ಮಕ್ಕಳು ‘ಬಟರ್’ ಅನ್ನೋದನ್ನ ‘ಬಟ್ಟರ್’ ಅಂತಾರೆ. ಯಾಕೆ? ಎರಡು ಟಿ ಕಂಡಿತು, ಒತ್ತಕ್ಷರ ಓದಿದರು. ಕತೆ ಬೇರೆ, ಕತ್ತೆ ಬೇರೆ ಅಂತ ಕಲಿತು ಬಂದ ಮಕ್ಕಳು ಅವರು. ಆದರೆ ಇಂಗ್ಲಿಷಿನಲ್ಲಿ ಎರಡನೇ ಟಿ ಸದ್ದು ಮಾಡೋಕೆ ಬಂದದ್ದಲ್ಲ. ಕಾವಲಿಗೆ ನಿಂತದ್ದು. ಅದರ ಹಿಂದಿನ ಸ್ವರ ಉದ್ದ ಆಗದ ಹಾಗೆ ಕಾಯುತ್ತದೆ. ‘ಹೋಪಿಂಗ್’ಗೆ ಒಂದು ಪಿ, ‘ಹಾಪಿಂಗ್’ಗೆ ಎರಡು. ‘ಡೈನರ್’ಗೆ ಒಂದು ಎನ್, ‘ಡಿನರ್’ಗೆ ಎರಡು. ಕಾವಲುಗಾರ ಮಾತಾಡೋದಿಲ್ಲ, ಸುಮ್ನೆ ನಿಂತಿರುತ್ತಾನೆ. ಇದನ್ನು ಒಬ್ಬ ಹುಡುಗನನ್ನು ಬಾಗಿಲಲ್ಲಿ ನಿಲ್ಲಿಸಿ ತೋರಿಸಿದ ಮೇಲೆ, ಆ ವರ್ಷ ‘ರನ್ನಿಂಗ್’, ‘ಸ್ವಿಮ್ಮಿಂಗ್’ ಸ್ಪೆಲಿಂಗ್‌ನಲ್ಲಿ ಒಂದೇ ಎನ್, ಒಂದೇ ಎಂ ಬರೆದವರು ಬಹಳ ಕಮ್ಮಿ.

ಕೇಳಿದವರಿಂದ: ಆರನೇ ಕ್ಲಾಸ್ ಮಿಸ್, ಶಿರಾ ಕಡೆ

ಎರಡು ವಾರ ಆಯ್ತು. ಎಲ್ಲರಿಗೂ ತುಂಬಾ ಥ್ಯಾಂಕ್ಸ್.

ಕೆಂಪು ಪೆನ್ನು ಬಿಟ್ಟು ಪೆನ್ಸಿಲ್ ಹಿಡಿದಿದ್ದೇನೆ. ಮೊದಲ ವಾರ ಬರೀ ವಾಕ್ಯದ ಶುರು ಮತ್ತು ಕೊನೆ. ಪುಸ್ತಕ ಕೊಡುವಾಗ ‘ಮಿಸ್, ನಂದು ಬರೀ ಮೂರೇ’ ಅಂತ ಒಬ್ಬ ಎಲ್ಲರಿಗೂ ತೋರಿಸಿಕೊಂಡು ಬಂದ. ಮಂಚ ಮಾಡೋದು ಇಡೀ ಶಾಲೆಗೆ ಹರಡಿದೆ. ಊಟದ ಸಾಲಿನಲ್ಲೂ ಮುಷ್ಟಿ ಜೋಡಿಸುತ್ತಾರೆ.

ಆ ಹುಡುಗಿಗೆ ಹೊಸ ಹಾಳೆ ಕೊಟ್ಟೆ. ‘ಐ’ ಕಥೆ ಹೇಳಿದೆ, ಒಂಟಿಯಾಗಿದ್ದರೆ ಕಳೆದುಹೋಗುತ್ತಿತ್ತು ಅಂತ. ಸ್ವಲ್ಪ ಹೊತ್ತು ಸುಮ್ಮನಿದ್ದಳು. ‘ಹಂಗಾದ್ರೆ ಸರಿ’ ಅಂದಳು. ಅವತ್ತಿನಿಂದ ಅವಳ ‘ಐ’ ನಾಲ್ಕು ಗೆರೆ ಕಾಪಿಯಲ್ಲಿ ಮೇಲಿನ ಗೆರೆ ಮುಟ್ಟುತ್ತಿದೆ. ಅಜ್ಜಿಯ ಬಗ್ಗೆ ಆರು ಸಾಲು ಬರೆದಿದ್ದಾಳೆ. ಐದರಲ್ಲಿ ‘ಈಸ್’ ಬಂದಿದೆ. ಆರನೆಯದರಲ್ಲಿ ‘ಆರ್’ ಇದೆ. ಕೇಳಿದರೆ, ಆ ಸಾಲಿನಲ್ಲಿ ಅಜ್ಜಿ ಜೊತೆ ತಾತನೂ ಇದ್ದಾರೆ ಮಿಸ್ ಅಂದಳು. ಓದಿ ನೋಡಿದೆ, ಹೌದು. ಅವಳೇ ಸರಿ. ನಾನು ತಿದ್ದೋಕೆ ಪೆನ್ಸಿಲ್ ಇಟ್ಟಾಗಿತ್ತು. ಅಳಿಸಿದೆ.

ಮೇಷ್ಟ್ರೇ, ಒಂದು ಅನುಮಾನ ಉಳಿದಿದೆ. ನಿನ್ನೆ ಕಾವಲುಗಾರನ ಪಾಠ ಮಾಡಿದೆ. ಹಿಂದಿನ ಬೆಂಚಿನ ಹುಡುಗ ಎದ್ದು ‘ಲೆಮನ್‌ಗೆ ಯಾಕೆ ಒಂದೇ ಎಂ ಮಿಸ್? ಅಲ್ಲಿ ಕಾವಲು ಯಾಕಿಲ್ಲ?’ ಅಂದ. ಏನು ಹೇಳಲಿ?

ಮರುಉತ್ತರ: ನಿವೃತ್ತ ಮೇಷ್ಟ್ರು, ತಿಪಟೂರು

ನಿಯಮಕ್ಕೆ ಒಳಗಾಗದ ಪದಗಳೂ ಇವೆ ಅಂತ ಇದ್ದಿದ್ದು ಇದ್ದ ಹಾಗೆ ಹೇಳಿಬಿಡಿ ಮೇಡಂ. ಲೆಮನ್, ಮೆಲನ್, ಸೆವೆನ್, ರಿವರ್. ಗೋಡೆಗೆ ಒಂದು ಹಾಳೆ ಅಂಟಿಸಿ, ಮೇಲೆ ‘ಕಾವಲಿಲ್ಲದ ಮನೆಗಳು’ ಅಂತ ಬರೆಯಿರಿ. ಮೊದಲ ಪದ ಆ ಹುಡುಗನ ಕೈಯಲ್ಲೇ ಬರೆಸಿ.